ಕತ್ತಿಯೋ, ಮಂತ್ರವೋ? ಮೊದಲು ಒಂದು ಕಲಿಯಲಿ

ಪುಣೆ: ರಜೆ ಬಂತೆಂದರೆ ಮಕ್ಕಳು ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ ಎಂಬುದು ಹಲವು ಪಾಲಕರ ದೂರು. ಆದರೆ ಆ ಆಟಗಳಲ್ಲೂ ಲೆಕ್ಕಾಚಾರವಿದೆ.

ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ’ಯಲ್ಲಿ ತಮ್ಮನನ್ನು ಹುಡುಕಿ ಹೊರಟ ಹುಡುಗಿ ತ್ರಿಶೂಲ, ಬಿಲ್ಲು ಎರಡನ್ನೂ ಹಿಡಿಯುತ್ತಾಳೆ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಮಾತ್ರ ಎರಡು ವಿದ್ಯೆಗೆ ಬೆಲೆ ತೆರಬೇಕು. ಯೋಧ, ಮಾಂತ್ರಿಕ ಮುಂತಾಗಿ 12 ವರ್ಗಗಳಿದ್ದರೂ ಏರಲು ಸಿಗುವುದು ಒಟ್ಟು 12 ಹಂತ. ಯೋಧನಿಗೆ ಜೋಡಿ ಏಟು, ಮಾಂತ್ರಿಕನಿಗೆ ಬೆಂಕಿಯುಂಡೆ ದಕ್ಕುವುದು ಆಯಾ ವರ್ಗದ 5ನೇ ಹಂತದಲ್ಲಿ. 3 ಯೋಧ, 2 ಮಾಂತ್ರಿಕ ಎಂದು ಹಂಚಿದರೆ ಎರಡೂ ಇಲ್ಲ!

ಒಂದರಲ್ಲಿ 5 ಮುಗಿಸಿ ಇನ್ನೊಂದಕ್ಕೆ ಕೈ ಹಾಕುವುದೇ ಲೇಸು. ಪಳಗಿದ ಮಾಂತ್ರಿಕ ಯೋಧನ 2 ಹಂತ ಕಲಿತರೆ, ಬೇಕಾದಾಗ ಒಂದೇ ಸರದಿಯಲ್ಲಿ ಎರಡು ಮಂತ್ರ ಹಾಕಬಲ್ಲ. ಪಾಲಕರೇ, ಗದರುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ.