ಗೌರ್ಮೆಂಟಿನಲ್ಲಿ ಬಿಟ್ಟುಹೋದ ‘ಎನ್’

ಏಳನೇ ಕ್ಲಾಸಿನ ಮಗಳ ಇಂಗ್ಲಿಷ್ ಡಿಕ್ಟೇಷನ್ ನೋಡುತ್ತಿದ್ದೆ. ‘ಗವರ್ನಮೆಂಟ್’ ಪದದ ನಡುವಿನ ‘ಎನ್’ ಅಕ್ಷರ ಬಿಟ್ಟಿದ್ದಕ್ಕೆ ಕೆಂಪು ಗೀಟು. “ಎಲ್ರೂ ಗೌರ್ಮೆಂಟು ಅಂತಾನೇ ಅಲ್ವಾ ಅನ್ನೋದು? ಮತ್ತೆ ಆ ಎನ್ ಯಾಕಮ್ಮಾ?” ಅಂದಳು. ನನಗೂ ಗೊತ್ತಿರಲಿಲ್ಲ. ಇಬ್ಬರೂ ನಿಘಂಟು ಹಿಡಿದು ಕೂತೆವು.

‘ಗವರ್ನ್’ ಹುಟ್ಟಿದ್ದು ಅರಮನೆಯಲ್ಲಲ್ಲ, ಹಡಗಿನಲ್ಲಿ! ಗ್ರೀಕ್ ಭಾಷೆಯಲ್ಲಿ ‘ಕುಬೆರ್ನಾನ್’ ಅಂದರೆ ಚುಕ್ಕಾಣಿ ಹಿಡಿದು ಹಡಗು ನಡೆಸುವುದು. ಲ್ಯಾಟಿನ್ನಿಗೆ ಬಂದಾಗ ‘ಕ’ ಹೋಗಿ ‘ಗ’ ಆಗಿ ‘ಗುಬೆರ್ನಾರೆ’ ಆಯಿತು. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ ‘ಗವರ್ನ್’. ಅಷ್ಟು ದೂರ ಬಂದರೂ ‘ನ್’ ಮಾತ್ರ ಉಳಿದುಕೊಂಡಿದೆ. ನಾವು ನುಂಗುವುದು ಅದನ್ನೇ.

1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ತನ್ನ ಪುಸ್ತಕಕ್ಕೆ ‘ಸೈಬರ್ನೆಟಿಕ್ಸ್’ ಎಂದು ಹೆಸರಿಟ್ಟದ್ದೂ ಇದೇ ಗ್ರೀಕ್ ಮೂಲದಿಂದ. ಅದರ ತುಂಡೇ ಇಂದಿನ ‘ಸೈಬರ್’. ಅಲ್ಲಿಗೆ ಗವರ್ನರ್ರಿಗೂ ಸೈಬರ್ ಸೆಂಟರಿಗೂ ನೆಂಟಸ್ತನ!

ನಮ್ಮ ಪತ್ರಿಕೆಗಳೂ ‘ಅಧಿಕಾರದ ಚುಕ್ಕಾಣಿ ಹಿಡಿದರು’ ಅಂತಲೇ ಬರೆಯುತ್ತವಲ್ಲ, ಅದನ್ನು ಹೇಳಿದಾಗ ಮಗಳು ಕೇಳಿದಳು, “ಹಾಗಾದ್ರೆ ಹಡಗು ಯಾರದ್ದು?”

ಈ ಪ್ರಶ್ನೆಗೆ ಉತ್ತರ ಪ್ಲೇಟೊ ಬರೆದ ‘ರಿಪಬ್ಲಿಕ್’ನಲ್ಲಿದೆ. ಸುಮಾರು 2,400 ವರ್ಷ ಹಿಂದಿನ ಆ ಗ್ರಂಥದ ಆರನೇ ಭಾಗದಲ್ಲಿ ಒಂದು ಹಡಗಿನ ಕತೆ ಬರುತ್ತದೆ. ಹಡಗಿನ ಮಾಲೀಕ ಎಲ್ಲರಿಗಿಂತ ದೊಡ್ಡ ಆಳು, ಬಲಶಾಲಿ. ಆದರೆ ಕಿವಿ ಸ್ವಲ್ಪ ಮಂದ, ಕಣ್ಣೂ ಅಷ್ಟಕ್ಕಷ್ಟೆ. ನಾವಿಕರೆಲ್ಲ ‘ಚುಕ್ಕಾಣಿ ನನಗೆ ಕೊಡು’ ಎಂದು ಅವನ ಸುತ್ತ ಕಚ್ಚಾಡುತ್ತಾರೆ. ಹಡಗು ನಡೆಸುವ ವಿದ್ಯೆಯನ್ನು ಒಬ್ಬನೂ ಕಲಿತವನಲ್ಲ. ಗಾಳಿ, ನಕ್ಷತ್ರ, ಋತು ಬಲ್ಲವನನ್ನು ‘ಆಕಾಶ ನೋಡೋನು’ ಅಂತ ಆಡಿಕೊಳ್ಳುತ್ತಾರೆ. ಆ ಕಿವಿಮಂದ ಮಾಲೀಕ ಅಂದರೆ ಜನರೇ ಎಂದು ಪ್ಲೇಟೊನ ಶಿಷ್ಯ ಅರಿಸ್ಟಾಟಲ್ ಬಿಡಿಸಿ ಹೇಳಿದ್ದಾನೆ.

“ಅಂದ್ರೆ ಹಡಗು ನಮ್ದೇ. ಅವರು ಬರೀ ಓಡಿಸೋರು” ಅಂದಳು ಮಗಳು. ಹೌದು ಕಂದಾ ಅಂದೆ. ಆದರೆ ಕಳೆದ ಸಲ ಮತದಾನದ ದಿನ, ರಜೆ ಸಿಕ್ಕಿತೆಂದು ನಾವೆಲ್ಲ ತವರಿಗೆ ಹೋಗಿದ್ದು ನೆನಪಾಗಿ ನನ್ನ ಮುಖ ಸಣ್ಣದಾಯಿತು. ಕಿವಿಮಂದ ಮಾಲೀಕ ಬೇರೆ ಯಾರೋ ಅಲ್ಲ, ನಾನೇ!

ಅವಳು ಆ ಪದವನ್ನು ಹತ್ತು ಸಲ ತಿದ್ದಿ ಬರೆದಳು. ಒಂದರಲ್ಲೂ ‘ಎನ್’ ಬಿಡಲಿಲ್ಲ. ನಾನೂ ಮುಂದಿನ ಚುನಾವಣೆ ದಿನ ಊರು ಬಿಡುವುದಿಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ. ನಿಮ್ಮ ಮನೆಯ ಮಕ್ಕಳು ಆ ಅಕ್ಷರ ಬಿಟ್ಟರೆ ಬೈಯಬೇಡಿ, ಹಡಗಿನ ಕತೆ ಹೇಳಿ.