ಚಿನಕುರಳಿ ಸುತ್ತಿನ ದಾರಿಗಳು: ಚೆಲುವಿಗೊಂದು ತಡೆಗೋಡೆ ಬೇಕು

ಕಣ್ಣಿಗೆ ಹಬ್ಬವಾಗುವ ರಸ್ತೆ ಎಂದರೆ ನಮ್ಮವರ ಬಾಯಿಗೆ ಮೊದಲು ಬರುವುದು ಕಾರವಾರದ ಕಡಲಂಚು, ಮರವಂತೆ, ಇಲ್ಲವೇ ಆಗುಂಬೆಯ ತಿರುವು. ಮಂಡ್ಯ ಜಿಲ್ಲೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಶ್ರೀರಂಗಪಟ್ಟಣಕ್ಕೆ ಬಂದವರು ಕೋಟೆ, ದರಿಯಾ ದೌಲತ್ ನೋಡಿಕೊಂಡು, ಸಂಜೆ ಬೃಂದಾವನದ ಕಾರಂಜಿ ಮುಗಿಸಿ ಮೈಸೂರು ಸೇರುತ್ತಾರೆ. ಆದರೆ ಪಾಂಡವಪುರದಿಂದ ಕೆ.ಆರ್. ಪೇಟೆಯ ಕಡೆ ಹೊರಟು ಚಿನಕುರಳಿಯನ್ನು ನಡುವೆ ಇಟ್ಟುಕೊಂಡು ಒಂದು ದಿನ ಸುತ್ತಿದರೆ ಸಿಗುವ ನೋಟ ಯಾವ ಕರಾವಳಿಗೂ ಕಡಿಮೆಯದಲ್ಲ. ಈ ನೋಟದಲ್ಲಿ ಬಂಡೆ, ಗುಡ್ಡ ಬಿಟ್ಟರೆ ಮಿಕ್ಕಿದ್ದೆಲ್ಲ ಮನುಷ್ಯರು ನೀರು ಹಿಡಿದು ಮಾಡಿಕೊಂಡದ್ದು. ಮಾಡಿದವರು ಮನುಷ್ಯರಾದ್ದರಿಂದ ಕಾಯುವ ಹೊಣೆಯೂ ಮನುಷ್ಯರದೇ. ಆ ಹೊಣೆಯಲ್ಲಿ ನಾವು ಬಹಳ ಹಿಂದೆ ಬಿದ್ದಿದ್ದೇವೆ ಎಂಬುದು ನನ್ನ ವಾದ.

ತೊಣ್ಣೂರು ಕೆರೆಯನ್ನೇ ನೋಡಿ. ಎರಡು ಕಲ್ಲುಗುಡ್ಡಗಳ ನಡುವಿನ ಕಂಡಿಗೆ ಏರಿ ಹಾಕಿ ನಿಲ್ಲಿಸಿದ ನೀರು ಅದು. ಕಟ್ಟಿಸಿದ ಹಿರಿಮೆಯನ್ನು ಪರಂಪರೆ ರಾಮಾನುಜಾಚಾರ್ಯರಿಗೆ ಕೊಡುತ್ತದೆ. ಊರೊಳಗಿನ ನಂಬಿನಾರಾಯಣ ದೇವಾಲಯ ಹೊಯ್ಸಳರ ಕಾಲದ್ದು. ಏರಿಯ ಮೇಲೆ ನಿಂತರೆ ಒಂದು ಕಡೆ ಬಂಡೆಗಳ ಬುಡ ಮುಟ್ಟುವ ತಿಳಿನೀರು, ಇನ್ನೊಂದು ಕಡೆ ಗದ್ದೆಬಯಲು. ಮುಂದೆ 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜರ ಹೆಸರಿನ ನಾಲೆ ಬಂದವು. 1911ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಕನ್ನಂಬಾಡಿ ಕಟ್ಟೆ ಬಂತು; ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಬಳಿ ಸುರಂಗದೊಳಗೆ ನುಗ್ಗಿ ಆಚೆ ಬರುತ್ತದೆ. ಕುಂತಿಬೆಟ್ಟದ ಬೋಳುಬಂಡೆಯ ಕೆಳಗೆ ಕಬ್ಬು, ತೆಂಗು, ಭತ್ತ ಒಂದರ ಪಕ್ಕ ಒಂದು ಹಬ್ಬಿರುವುದು ಈ ನೀರಿನ ದೆಸೆಯಿಂದ. ಚಿನಕುರಳಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ: 1771ರ ಮಾರ್ಚಿನಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆ ಸರಿಯುತ್ತಿದ್ದ ಹೈದರಾಲಿಯ ಸೈನ್ಯವನ್ನು ತ್ರ್ಯಂಬಕರಾಯನ ಮರಾಠಾ ಪಡೆ ಮುರಿದದ್ದು ಇದೇ ಸೀಮೆಯಲ್ಲಿ. ಅದನ್ನು ಹೇಳುವ ಒಂದು ಫಲಕವಾದರೂ ದಾರಿಬದಿಯಲ್ಲಿ ಎದ್ದು ಕಾಣಬೇಕು.

‘ಬರೀ ಕಬ್ಬಿನ ಗದ್ದೆ ನೋಡಲು ಯಾರು ಬರುತ್ತಾರೆ?’ ಎಂದು ಕೇಳುವವರಿದ್ದಾರೆ. ಕಬ್ಬು ಕಡಿಯುವ ಕಾಲದಲ್ಲಿ ಬಂದು ನೋಡಲಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಒಲೆಗೆ ಒಣಗಿದ ಸಿಪ್ಪೆ ತುಂಬುವವನೊಬ್ಬ, ಕೊಪ್ಪರಿಗೆಯ ನೊರೆ ತೆಗೆಯುವವನೊಬ್ಬ. ಪಾಕ ಹದಕ್ಕೆ ಬಂದದ್ದೇ ದೋಣಿಗೆ ಸುರಿದು, ಮಗುಚಿ, ಅಚ್ಚಿಗೆ ತುಂಬುತ್ತಾರೆ. ಗಾಳಿ ತಿರುಗಿದರೆ ರಸ್ತೆಯವರೆಗೂ ಬೆಲ್ಲದ ಘಮಲು. ಅಲ್ಲಿಂದ ಮೇಲುಕೋಟೆಯ ಕಡೆ ಏರಿದರೆ ಹಸಿರು ನಿಂತು ಕುರುಚಲು ಕಾಡು ಶುರು. ತೋಳಗಳಿಗಾಗಿಯೇ ಹೆಸರಾದ ವನ್ಯಧಾಮ ಅದು, 1974ರಲ್ಲಿ ಘೋಷಣೆಯಾದದ್ದು. ಯೋಗಾನರಸಿಂಹನ ಬೆಟ್ಟದ ಮೇಲಿಂದ ಕೆಳಗೆ ಕಣ್ಣು ಹಾಯಿಸಿದರೆ, ನಾಲೆ ಮುಟ್ಟಿದ ನೆಲ ಯಾವುದು, ಮಳೆಯನ್ನೇ ನಂಬಿದ ನೆಲ ಯಾವುದು ಎಂದು ಬಣ್ಣವೇ ಹೇಳುತ್ತದೆ. ಕಡಲಂಚಿನಲ್ಲಿ ಇಂಥ ಪಾಠ ಸಿಗುವುದಿಲ್ಲ. ಇನ್ನೂ ದಿನ ಉಳಿದಿದ್ದರೆ ಕೆ.ಆರ್. ಪೇಟೆಯ ಹೊಸಹೊಳಲು, ಹೇಮಾವತಿ ದಂಡೆಯ ಹೇಮಗಿರಿ, ನಾಗಮಂಗಲದ ಸೌಮ್ಯಕೇಶವ ಇದ್ದೇ ಇವೆ.

ಇನ್ನು ಹೊಣೆಯ ಮಾತು. ನಾಲೆಯ ಪಕ್ಕದ ರಸ್ತೆಗಳು ಎಷ್ಟು ಚೆಂದವೋ ಅಷ್ಟೇ ಕ್ರೂರ. ತುಂಬಿ ಹರಿಯುವ ನೀರಿಗೂ ಡಾಂಬರಿಗೂ ನಡುವೆ ಎಷ್ಟೋ ಕಡೆ ಇರುವುದು ಒಂದಿಷ್ಟು ಹುಲ್ಲು ಮಾತ್ರ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಆದ ಸಾವುಗಳು ಅವು. ಐದು ವರ್ಷ ಕಳೆದು 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಅದೇ ನಾಲೆಗೆ ಕಾರು ಬಿದ್ದು ಐವರು ಹೋದರು. ಇದನ್ನು ವಿಧಿ ಎನ್ನಲು ನನ್ನಿಂದಾಗದು. ಚಾಲಕರು ನಿಧಾನವಾಗಿ ಹೋಗಲಿ ಎನ್ನುವುದು ಸರಿಯೇ. ಆದರೆ ಘಾಟಿಯಲ್ಲಿ ಚಾಲಕ ತಪ್ಪುತ್ತಾನೆ ಎಂದೇ ತಡೆಗೋಡೆ ಕಟ್ಟುತ್ತೇವೆ. ಬಯಲುಸೀಮೆಯ ನಾಲೆಗೆ ಮಾತ್ರ ಆ ಲೆಕ್ಕ ಏಕಿಲ್ಲ?

ಉದ್ದಕ್ಕೂ ಗೋಡೆ ಕಟ್ಟಿದರೆ ರೈತರು ದನಕರುಗಳನ್ನು ನೀರಿಗೆ ಇಳಿಸುವುದು ಹೇಗೆ, ಹೂಳೆತ್ತುವ ಯಂತ್ರ ಹೋಗುವುದು ಹೇಗೆ, ದುಡ್ಡೆಲ್ಲಿ ಎಂಬ ಆಕ್ಷೇಪಕ್ಕೆ ತೂಕವಿದೆ. ಹಾಗೆಂದು ಇಡೀ ನಾಲೆಗೆ ಗೋಡೆ ಬೇಕೆಂದು ಯಾರೂ ಕೇಳುತ್ತಿಲ್ಲ. ತಿರುವು, ಸೇತುವೆ, ರಸ್ತೆ ನಾಲೆಗೆ ಅಂಟಿಕೊಂಡಿರುವ ಜಾಗ, ಇಷ್ಟಕ್ಕೆ ಮೊದಲು ಆಗಲಿ. ಸೋಪಾನ, ತೂಬು ಇರುವ ಕಡೆ ಕಂಡಿ ಬಿಡಲಿ. ಕನ್ನಂಬಾಡಿ ಕಟ್ಟೆಯ ಬಳಿ ಅಮ್ಯೂಸ್‌ಮೆಂಟ್ ಪಾರ್ಕ್ ಮಾಡುವ ಯೋಜನೆಗೆ ರೈತರು ಎದುರು ನಿಂತದ್ದನ್ನು ಕಂಡಿದ್ದೇವೆ. ಪಾರ್ಕಿಗೆ ಹಣ ಹೊಂದಿಸಲು ಹೊರಡುವವರಿಗೆ ನಾಲೆಯ ಅಂಚಿಗೆ ಹಣವಿಲ್ಲ ಎನ್ನುವ ಮಾತು ಒಪ್ಪುವುದಿಲ್ಲ. ಜನ ಹೆಚ್ಚಿದರೆ ಕೆರೆ ಕೆಡುತ್ತದೆ ಎಂಬ ಅಂಜಿಕೆಯೂ ನಿಜವೇ. ಅದಕ್ಕೇ ಒಂದು ಕಡೆ ಸಂತೆ ಕೂಡಿಸುವ ಪಾರ್ಕಿಗಿಂತ, ಊರೂರಿನಲ್ಲಿ ನಿಂತು ಹೋಗುವ ದಾರಿ ಮೇಲು. ದುಡ್ಡು ಆಲೆಮನೆಗೂ ಚಹಾದಂಗಡಿಗೂ ಹಂಚಿಹೋಗುತ್ತದೆ.

ಕಾಯುವ ಹೊಣೆಯಲ್ಲಿ ಹಿಂದೆ ಬಿದ್ದದ್ದಕ್ಕೆ ಬೇಬಿಬೆಟ್ಟವೂ ಸಾಕ್ಷಿ. ಚಿನಕುರಳಿಗೆ ಹತ್ತಿರದ ಈ ಗುಡ್ಡಸಾಲಿನಲ್ಲಿ ಕಲ್ಲು ಸಿಡಿಸುವಾಗಿನ ಕಂಪನ ಕನ್ನಂಬಾಡಿ ಕಟ್ಟೆಗೇ ಅಪಾಯ ತಂದೀತು ಎಂಬ ಕೂಗು ವರ್ಷಗಟ್ಟಲೆ ಇತ್ತು. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ತಡೆಯಿತು. ಕೋರ್ಟು ಹೇಳುವವರೆಗೆ ಕಾಯುವ ಚಾಳಿ ನಾಲೆಯ ವಿಷಯದಲ್ಲಿ ಬೇಡ. ನೀರಾವರಿ ನಿಗಮ ಮತ್ತು ಲೋಕೋಪಯೋಗಿ ಇಲಾಖೆ ಒಟ್ಟಿಗೆ ಕೂತು, ಪಾಂಡವಪುರ ತಾಲ್ಲೂಕಿನ ಅಪಾಯದ ತಿರುವುಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳಿಂದಲೇ ತರಿಸಿಕೊಂಡು, ಮುಂದಿನ ಬೆಳೆಗೆ ನೀರು ಬಿಡುವ ಮೊದಲು ಕೆಲಸ ಮುಗಿಸಲಿ. ಹೋಗಿಬರುವವರು ಕಬ್ಬು ಸಾಗಿಸುವ ತಿಂಗಳಲ್ಲಿ ನಾಲೆದಾರಿಯನ್ನು ಹಗಲಿನಲ್ಲೇ ಹಿಡಿಯಲಿ, ನಿಧಾನವಾಗಿ ಹೋಗಲಿ.