ಉಸಿರಾಡೋಕೆ ಬೇರು ಮೇಲೆತ್ತುವ ಮರಗಳು: ರಾಮಪತ್ರೆ ಜಡ್ಡಿ ಅಂದ್ರೆ ಏನು?

ಸಿದ್ದಾಪುರ: ಜೋಗದಿಂದ ಹೊನ್ನಾವರಕ್ಕೆ ಘಟ್ಟ ಇಳಿಯೋರು ಕತ್ತಲೆಕಾನನ್ನ ದಾಟಿಯೇ ಹೋಗ್ತಾರೆ. ಆದ್ರೆ ಅಲ್ಲಿನ ಹಳ್ಳದ ಪಕ್ಕ ಇರೋ ಜೌಗು ಕಾಡನ್ನ ನೋಡಿದವರು ಕಡಿಮೆ. ನಮ್ಮ ಕಡೆ ಇದಕ್ಕೆ ರಾಮಪತ್ರೆ ಜಡ್ಡಿ ಅಂತಾರೆ.

ವರ್ಷದ ಬಹುಪಾಲು ನೀರು ನಿಂತಿರೋ ಕೆಸರು ಅದು. ಕೆಸರಲ್ಲಿ ಗಾಳಿ ಇರಲ್ಲ, ಬೇರಿಗೆ ಆಮ್ಲಜನಕ ಸಿಗಲ್ಲ. ಸಾಮಾನ್ಯ ಮರವಾದ್ರೆ ಬೇರು ಕೊಳೆತು ಸಾಯುತ್ತೆ. ಇಲ್ಲಿನ ಮರಗಳು ಬೇರನ್ನೇ ಮೇಲೆ ತಂದಿವೆ. ಒಂದು ಜಾತಿಯದ್ದು ಮೊಣಕಾಲು ಮಡಚಿದ ಹಾಗೆ ಕೆಸರಿಂದ ಎದ್ದು, ಬಾಗಿ, ಮತ್ತೆ ಒಳಗೆ ಹೋಗುತ್ತೆ. ಇನ್ನೊಂದಕ್ಕೆ ಕಾಂಡದಿಂದಲೇ ಇಳಿಯೋ ಊರುಗೋಲಿನಂಥ ಬೇರು. ಆ ಬೇರಿನ ತೊಗಟೆಯಲ್ಲಿರೋ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗುತ್ತೆ.

ಇವೆಲ್ಲ ಜಾಯಿಕಾಯಿಯ ಕುಟುಂಬದ ಮರಗಳು, ಹೂ ಬಿಡೋ ಗಿಡಗಳಲ್ಲೇ ಬಹಳ ಹಳೇ ಗುಂಪು. ಪೇಟೆಯಲ್ಲಿ ಮಸಾಲೆಗೆ ಅಂತ ಮಾರೋ ರಾಮಪತ್ರೆಯೂ ಇದೇ ಬಳಗದ್ದು. ಆದ್ರೆ ಅದು ಹೆಚ್ಚಾಗಿ ಜೌಗಿನ ಆಚೆಯ ಕಾಡಲ್ಲೂ ಬೆಳೆಯೋ ಮರದಿಂದ ಬರುತ್ತೆ, ಎರಡನ್ನೂ ಒಂದೇ ಅಂದ್ಕೋಬೇಡಿ.

ಬೀಜದ ಸುತ್ತ ಇರೋ ಕೆಂಪು ಪತ್ರೆಗಾಗಿ ಮಂಗಟ್ಟೆ ಹಕ್ಕಿ ಬರುತ್ತೆ. ಕಾಯಿ ನುಂಗಿ ದೂರ ಹಾರಿ ಬೀಜ ಉಗುಳುತ್ತೆ. ಬೀಜ ಒಣಗಿದ್ರೆ ಮುಗೀತು, ಮೊಳಕೆ ಬರಲ್ಲ. ಅದು ಹಸಿ ನೆಲಕ್ಕೇ ಬೀಳಬೇಕು, ಬೇಗ ಬೀಳಬೇಕು. ಪತ್ರೆ ಆಸೆಗೆ ಕೊಂಬೆ ಸಮೇತ ಕಡಿದ್ರೆ ಹಕ್ಕಿಗೂ ಇಲ್ಲ, ಮುಂದಿನ ಸಸಿಗೂ ಇಲ್ಲ.

ಕತ್ತಲೆಕಾನಿನ ಹೆಸರನ್ನೇ ಹೊತ್ತ ಒಂದು ಮರ ಇದೆ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಗೇರಿನ ಕುಟುಂಬದ್ದು. 2000ದಲ್ಲಷ್ಟೇ ವಿಜ್ಞಾನಕ್ಕೆ ಹೊಸದು ಅಂತ ದಾಖಲಾಯ್ತು. ಆಗ ಸಿಕ್ಕ ದೊಡ್ಡ ಮರಗಳು ನೂರಕ್ಕಿಂತ ಕಡಿಮೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಹಾಗಾಗಿ ಕಾಯಿ ಬಿಡೋದು ಅದ್ರಲ್ಲೂ ಕೆಲವು ಮಾತ್ರ.

ಇನ್ನು ನೀರಿನ ವಿಷಯ. ತೋಟಕ್ಕೆ ಬೇಸಿಗೆಯಲ್ಲೂ ನೀರು ಬೇಕು ಅನ್ನೋರು ಇದನ್ನ ಗಮನಿಸಲೇಬೇಕು. ಜಡ್ಡಿ ಹೆಚ್ಚಾಗಿ ಹಳ್ಳ ಹುಟ್ಟೋ ಜಾಗದಲ್ಲೇ ಇರುತ್ತೆ. ದಟ್ಟ ನೆರಳು, ಎಲೆ ಕೊಳೆತ ಮಣ್ಣು, ಹೆಣೆದ ಬೇರು ಸೇರಿ ಮಳೆನೀರನ್ನ ಹಿಡಿದು ನಿಧಾನಕ್ಕೆ ಬಿಡುತ್ತೆ. ವಿಚಿತ್ರ ಅಂದ್ರೆ, ಹಿಂದೆ ಇಂಥ ಜೌಗುಗಳನ್ನ ಗದ್ದೆ, ಅಡಿಕೆ ತೋಟ ಮಾಡಿದ್ದೂ ಆ ನೀರು ನೋಡಿಯೇ. ಈಗಲೂ ಮೇಲೆ ಕಾಲುವೆ ತೆಗೆದು ಹಳ್ಳ ತಿರುಗಿಸಿದ್ರೆ ಸಾಕು, ಮರ ಕಡಿಯೋದೇ ಬೇಡ. ಕೆಸರು ಒಣಗುತ್ತೆ, ಬೇರೆ ಗಿಡ ನುಗ್ಗುತ್ತೆ, ರಾಮಪತ್ರೆ ಸಸಿ ಏಳಲ್ಲ.

2019ರಿಂದ ಶರಾವತಿ ಕಣಿವೆಯ ದೊಡ್ಡ ಭಾಗ ಸಿಂಗಳೀಕ ಅಭಯಾರಣ್ಯ. ಆದ್ರೆ ತಾಲ್ಲೂಕಿನ ಎಲ್ಲ ಜಡ್ಡಿಯೂ ಅದರೊಳಗೆ ಬರಲ್ಲ, ಚಿಕ್ಕಪುಟ್ಟವು ತೋಟದ ಅಂಚಲ್ಲೇ ಇವೆ. ಶಿರಸಿಯ ಅರಣ್ಯ ಕಾಲೇಜಿನವರು ಅಪರೂಪದ ಜಾತಿಗಳ ಸಸಿ ಬೆಳೆಸಿ ಜೌಗಿಗೆ ಮರಳಿ ನೆಟ್ಟಿದ್ದಾರೆ. ಆ ಸಸಿಗಳಿಗೂ ಮೇಲಿನ ಹಳ್ಳದ ನೀರು ಬರ್ತಾ ಇರಬೇಕು.